ಆಪರೇಷನ್ ಆದ ಹಿರಿಯರ ನೋವಿಗೆ ವಿಆರ್: ಹೆಡ್‌ಸೆಟ್ ಹಾಕುವ ಮುಂಚಿನಿಂದ ತೆಗೆದ ಮೇಲಿನವರೆಗೆ

ಮಂಡಿ ಕೀಲು ಬದಲಿಸಿದ ಎರಡನೇ ದಿನ. ಡ್ರೆಸ್ಸಿಂಗ್ ಟ್ರಾಲಿಯ ಚಕ್ರದ ಸದ್ದು ಕೇಳಿದರೆ ಸಾಕು, ಆ ಅಜ್ಜಿಯ ಬಲಗೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಗೆಣ್ಣು ಬಿಳಿಚಿಕೊಳ್ಳುವಷ್ಟು ಬಿಗಿ. ಅವತ್ತು ಟ್ರಾಲಿ ಬರುವ ಮುಂಚೆಯೇ ಅವರಿಗೆ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಹಾಕಿದ್ದೆ, ಕಣ್ಣು ಪೂರ್ತಿ ಮುಚ್ಚಿ ಬೇರೆಯದೇ ಲೋಕ ತೋರಿಸುವ ದೊಡ್ಡ ಕನ್ನಡಕದಂಥದ್ದು. ಒಳಗೆ ಒಂದು ಕೆರೆ, ದಡದಲ್ಲಿ ಮರ, ನಿಧಾನಕ್ಕೆ ಹಾರುವ ಹಕ್ಕಿಗಳು. ನರ್ಸ್ ಪ್ಲಾಸ್ಟರ್ ಬಿಡಿಸುತ್ತಿದ್ದಾಗ ಅಜ್ಜಿ ಕಂಬಿ ಬಿಟ್ಟು ಕೈ ಮುಂದೆ ಚಾಚಿದರು. ನೀರು ಮುಟ್ಟಿ ನೋಡಲು. "ತಣ್ಣಗಿರಬೇಕು ಅಲ್ವಾ?" ಅಂದರು. ಅಷ್ಟರಲ್ಲಿ ಹಳೆಯ ಪಟ್ಟಿ ಪೂರ್ತಿ ಬಿಚ್ಚಿ ಆಗಿತ್ತು.

ನೋವು ಮಾಯವಾಗಿರಲಿಲ್ಲ. ಕೇಳಿದಾಗ "ಇದೆ, ಆದರೆ ದೂರದಲ್ಲಿ ಇದ್ದ ಹಾಗಿತ್ತು" ಅಂದರು. ವಿಆರ್ ಏನು ಮಾಡುತ್ತದೆ ಅನ್ನುವುದನ್ನು ಇದಕ್ಕಿಂತ ಸರಿಯಾಗಿ ಯಾರೂ ನನಗೆ ಹೇಳಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಆಪರೇಷನ್ ಆದ ಹಿರಿಯರನ್ನು ಎಬ್ಬಿಸಿ ಕೂರಿಸುವುದು, ನಡೆಸುವುದು ನನ್ನ ಕೆಲಸ. ಹೆಡ್‌ಸೆಟ್ ಬಳಸುವುದು ಕಷ್ಟ ಅಲ್ಲ, ಬಟನ್ ಒತ್ತಲು ಯಾರಿಗಾದರೂ ಬರುತ್ತದೆ. ಆದರೆ ಅದು ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಹಾಕುವ ಮುಂಚಿನ ಹತ್ತು ನಿಮಿಷದಲ್ಲೇ ನಿರ್ಧಾರ ಆಗುತ್ತದೆ. ಅದಕ್ಕೇ ಈ ಬರಹದಲ್ಲಿ ತಯಾರಿಯ ಮಾತೇ ಜಾಸ್ತಿ. ವಾರ್ಡಿನಲ್ಲಿ ಕೆಲಸ ಮಾಡುವವರಿಗೂ, ಮನೆಯವರ ಪಕ್ಕ ಕೂತು ನೋಡಿಕೊಳ್ಳುವವರಿಗೂ ಸೇರಿಸಿ ಬರೆದಿದ್ದೇನೆ.

ನೋವು ಯಾಕೆ ದೂರ ಹೋಗುತ್ತದೆ

ಗಾಯದಿಂದ ಹೊರಟ ಸಂದೇಶ ನೇರವಾಗಿ ಮಿದುಳಿಗೆ ಹೋಗಿ ನೋವಾಗುವುದಿಲ್ಲ. 1965ರಲ್ಲಿ ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ಸಿದ್ಧಾಂತ ಮುಂದಿಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟಿನಂಥ ವ್ಯವಸ್ಥೆ ಇದೆ, ಎಷ್ಟು ಸಂದೇಶ ಮೇಲೆ ಹೋಗಬೇಕು ಅನ್ನುವುದನ್ನು ಅದು ಹಿಡಿತದಲ್ಲಿಡುತ್ತದೆ, ಮಿದುಳಿನಿಂದ ಕೆಳಗಿಳಿದು ಬರುವ ಸಂಕೇತಗಳೂ ಆ ಗೇಟನ್ನು ತೆರೆಯಬಲ್ಲವು, ಮುಚ್ಚಬಲ್ಲವು ಎಂದು. ವಿವರಗಳು ಆಮೇಲೆ ಬದಲಾದವು. ಆದರೆ ಭಯ, ಗಮನ, ನಿರೀಕ್ಷೆ ಇವೆಲ್ಲ ನೋವನ್ನು ಏರಿಸುತ್ತವೆ, ಇಳಿಸುತ್ತವೆ ಅನ್ನುವುದು ಗಟ್ಟಿಯಾಗಿ ನಿಂತಿದೆ.

ಗಮನ ಅನ್ನುವುದು ನಮ್ಮ ಹತ್ತಿರ ಇರುವುದೇ ಸ್ವಲ್ಪ. ನೋವು ಅದನ್ನು ಪೂರ್ತಿ ಬೇಡುತ್ತದೆ. ಟಿವಿ ಹಾಕಿದರೂ ಕಣ್ಣಂಚಿಗೆ ಟ್ರಾಲಿ ಕಾಣುತ್ತಲೇ ಇರುತ್ತದೆ. ಹೆಡ್‌ಸೆಟ್ ಹಾಕಿದಾಗ ಕಾಣಿಸುವುದಿಲ್ಲ. ತಲೆ ತಿರುಗಿಸಿದ ಕಡೆಯೆಲ್ಲ ಬೇರೆಯದೇ ಜಾಗ ಇರುತ್ತದೆ. ನೋವಿಗೆ ಸಿಗುವ ಗಮನ ಕಮ್ಮಿಯಾಗುತ್ತದೆ.

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಮುಖ್ಯರು. ಸುಟ್ಟ ಗಾಯದವರ ಡ್ರೆಸ್ಸಿಂಗ್ ಸಮಯಕ್ಕೆಂದೇ 'ಸ್ನೋವರ್ಲ್ಡ್' ಎಂಬ ಹಿಮದ ಲೋಕ ತಯಾರಿಸಿದರು. ಅದರಲ್ಲಿ ರೋಗಿ ಹಿಮದ ಕಣಿವೆಯಲ್ಲಿ ತೇಲುತ್ತಾ ಹಿಮದುಂಡೆ ಎಸೆಯುತ್ತಾ ಹೋಗುತ್ತಾನೆ. 2004ರಲ್ಲಿ ಅದೇ ತಂಡ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ವಿಆರ್ ನೋಡುತ್ತಿರುವಾಗ ನೋವಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆಯೇ ಇಳಿದಿತ್ತು. ಅಂದರೆ ಅದು ಧೈರ್ಯಕ್ಕೆ ಸುಮ್ನೆ "ನೋವಿಲ್ಲ" ಅಂದದ್ದಲ್ಲ.

ಒಂದು ಮಾತು ನೇರವಾಗಿ ಹೇಳಬೇಕು. ವಿಆರ್ ಚೆನ್ನಾಗಿ ಕೆಲಸ ಮಾಡುವುದು ಹೆಡ್‌ಸೆಟ್ ತಲೆ ಮೇಲೆ ಇರುವಷ್ಟು ಹೊತ್ತು, ಆಮೇಲೆ ಸ್ವಲ್ಪ ಹೊತ್ತು. ದಿನವಿಡೀ ನೋವು ಕಮ್ಮಿ ಇರುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ. 2021ರ ನವೆಂಬರಿನಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಂದು ವಿಆರ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು ನಿಜ. ಅದು ದೀರ್ಘಕಾಲದ ಸೊಂಟನೋವಿಗೆ. ಆಪರೇಷನ್ ನೋವಿಗಲ್ಲ. ಎರಡನ್ನೂ ಕಲಸಿ ಹೇಳುವವರು ಸಿಗುತ್ತಾರೆ, ಎಚ್ಚರವಿರಲಿ.

ಹಂತ 1: ಯಾರಿಗೆ ಬೇಡ ಅಂತ ಮೊದಲು ನೋಡಿ

ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಕೇಳುವ ಮುಂಚೆ ನೀವೇ ಈ ವಿಷಯ ತಿಳಿದುಕೊಂಡಿದ್ದರೆ ಮಾತು ಬೇಗ ಮುಗಿಯುತ್ತದೆ.

ಫಿಟ್ಸ್ ಬರುವವರಿಗೆ ಬೇಡ. ತಲೆ, ಮುಖ, ಕಣ್ಣು, ಕಿವಿ, ಕುತ್ತಿಗೆಯ ಆಪರೇಷನ್ ಈಗಷ್ಟೇ ಆದವರಿಗೆ ಬೇಡ. ಮುಖದ ಮೇಲೆ ಗಾಯ ಇದ್ದರೆ, ಕಣ್ಣು ಕೆಂಪಾಗಿ ಸೋಂಕಾಗಿದ್ದರೆ ಬೇಡ. ಮೊದಲಿನಿಂದಲೂ ತಲೆಸುತ್ತಿನ ಕಾಯಿಲೆ ಇದ್ದರೆ ಬೇಡ. ಸೋಂಕಿನ ಕಾರಣಕ್ಕೆ ಪ್ರತ್ಯೇಕ ಕೋಣೆಯಲ್ಲಿ ಇರುವವರಿಗೆ ಬಳಸಿದ ಹೆಡ್‌ಸೆಟ್ ಆಚೆ ಬರಬಾರದು, ಹಾಗಾಗಿ ಅಲ್ಲೂ ಬೇಡ. ಮೂಗು ಬಾಯಿ ಮುಚ್ಚುವ ಆಕ್ಸಿಜನ್ ಮಾಸ್ಕ್ ಬೇಕಾಗಿರುವವರಿಗೆ ಹೆಡ್‌ಸೆಟ್ ಸರಿಯಾಗಿ ಕೂರುವುದೇ ಇಲ್ಲ. ಮೂಗಿನ ಸಣ್ಣ ಪೈಪು ಆದರೆ ನಡೆಯುತ್ತದೆ.

ವಾಕರಿಕೆ ಇದ್ದರೆ ಅವತ್ತಿಗೆ ಮುಂದಕ್ಕೆ ಹಾಕಿ. ಅನಸ್ತೇಶಿಯಾ ಆದ ಮೊದಲ 24 ಗಂಟೆ ಬಹಳ ಜನರಿಗೆ ಹೊಟ್ಟೆ ತೊಳಸುತ್ತದೆ. ಮಾರ್ಫಿನ್ ಥರದ ಔಷಧಿ ಅದನ್ನು ಹೆಚ್ಚಿಸುತ್ತದೆ. ಅದರ ಮೇಲೆ ವಿಆರ್ ಬೇರೆ ಹಾಕಿ ವಾಂತಿಯಾದರೆ ಹೊಟ್ಟೆಯ ಹೊಲಿಗೆಗೆ ಏನಾಗುತ್ತದೆ ಯೋಚಿಸಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದ ಮೇಲೆ ಕೂತರೆ ಜೋರಾಗುವ, ಮಲಗಿದರೆ ಇಳಿಯುವ ತಲೆನೋವು ಕೆಲವರಿಗೆ ಬರುತ್ತದೆ. ಅಂಥವರ ತಲೆಗೆ ಭಾರ ಕಟ್ಟಬಾರದು, ಮೊದಲು ಡಾಕ್ಟರಿಗೆ ತಿಳಿಸಬೇಕು.

ಪೇಸ್‌ಮೇಕರ್ ಇದ್ದರೆ ಡಾಕ್ಟರು ಹೇಳಿದ ಮೇಲೇ ಸರಿ. ಹೆಡ್‌ಸೆಟ್, ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಎರಡರಲ್ಲೂ ಅಯಸ್ಕಾಂತ, ರೇಡಿಯೋ ಸಿಗ್ನಲ್ ಇರಬಹುದು. ಕಂಟ್ರೋಲರನ್ನು ಎದೆಯ ಮೇಲೆ ಇಡುವ ಅಭ್ಯಾಸವಂತೂ ಬೇಡ.

ಇನ್ನೊಂದು ಗುಂಪಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆಪರೇಷನ್ ಆದ ಹಿರಿಯರಲ್ಲಿ ಕೆಲವರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬೀಳುತ್ತಾರೆ. ಬೆಳಗ್ಗೆ ಸರಿಯಿದ್ದವರು ಸಂಜೆಗೆ ಯಾವ ಊರು, ಯಾವ ದಿನ ಅಂತ ತಿಳಿಯದೆ ಒದ್ದಾಡುತ್ತಾರೆ. ಇಲ್ಲದ್ದು ಕಾಣುತ್ತದೆ. ಇದಕ್ಕೆ ಡೆಲಿರಿಯಮ್ ಅನ್ನುತ್ತಾರೆ. ಗಲಾಟೆ ಮಾಡುವವರನ್ನು ಎಲ್ಲರೂ ಗುರುತಿಸುತ್ತಾರೆ. ಆದರೆ ಸುಮ್ಮನೆ ಮಂಕಾಗಿ ಮಲಗಿಬಿಡುವವರೂ ಇದ್ದಾರೆ, ಅವರನ್ನು "ಸುಸ್ತಾಗಿದೆ, ಮಲಗಿದ್ದಾರೆ" ಅಂದುಕೊಂಡು ಬಿಟ್ಟುಬಿಡುತ್ತೇವೆ. ಪ್ರತಿ ಸಲ ಹೆಡ್‌ಸೆಟ್ ತೆಗೆದುಕೊಂಡು ಹೋದಾಗ ನಾನು ಮೂರು ಮಾತು ಕೇಳುತ್ತೇನೆ. ಇವತ್ತು ಯಾವ ವಾರ? ನಾವು ಈಗ ಎಲ್ಲಿದ್ದೇವೆ? ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿ ನೋಡೋಣ. ಉತ್ತರ ತಡವರಿಸಿದರೆ, ನಿನ್ನೆಗಿಂತ ಬೇರೆ ಅನ್ನಿಸಿದರೆ, ಹೆಡ್‌ಸೆಟ್ ವಾಪಸ್ ಚೀಲಕ್ಕೆ ಹೋಗುತ್ತದೆ, ವಿಷಯ ನರ್ಸಿಗೆ ಹೋಗುತ್ತದೆ. ಯಾವುದು ನಿಜ ಅಂತಲೇ ಹಿಡಿತ ತಪ್ಪಿದವರಿಗೆ ಇನ್ನೊಂದು ಲೋಕ ತೋರಿಸಬಾರದು.

ಮರೆವಿನ ಕಾಯಿಲೆ ಇರುವವರ ವಿಷಯ ಸ್ವಲ್ಪ ಬೇರೆ. ಆರಂಭದ ಹಂತದಲ್ಲಿ, ಶಾಂತವಾಗಿ ಇರುವವರಿಗೆ, ಮನೆಯವರು ಪಕ್ಕದಲ್ಲಿ ಕೈ ಹಿಡಿದು ಕೂತರೆ, ಐದು ನಿಮಿಷದ ಪ್ರಯತ್ನ ಮಾಡಬಹುದು. ಗಾಬರಿಯ ಸುಳಿವು ಸಿಕ್ಕಿದ ಕೂಡಲೇ ತೆಗೆಯಬೇಕು.

ಹಂತ 2: ಸಾಧನ ಆರಿಸುವುದು

ಕಂಪ್ಯೂಟರಿಗೆ ವೈರ್ ಜೋಡಿಸದೆ ತಾನಾಗಿ ನಡೆಯುವ ಹೆಡ್‌ಸೆಟ್ ಸಾಕು. ಹಾಸಿಗೆ ಸುತ್ತ ಈಗಾಗಲೇ ಡ್ರಿಪ್, ಡ್ರೈನ್ (ಗಾಯದೊಳಗಿನ ರಕ್ತ, ನೀರು ಹೊರತೆಗೆಯುವ ಪೈಪು), ಮೂತ್ರದ ಪೈಪು ಅಂತ ಬೇಕಾದಷ್ಟು ಇರುತ್ತವೆ. ಇನ್ನೊಂದು ವೈರ್ ಯಾಕೆ?

ತೂಕ ನೋಡಿ. ಇಂಥ ಹೆಡ್‌ಸೆಟ್‌ಗಳು ಸುಮಾರು ಅರ್ಧ ಕಿಲೋ ತೂಗುತ್ತವೆ. ಅದೆಲ್ಲ ಮುಂದಕ್ಕೆ, ಕೆನ್ನೆ ಹಣೆಯ ಮೇಲೆ ಬೀಳುತ್ತದೆ. ವಯಸ್ಸಾದವರ ಚರ್ಮ ತೆಳು, ಬೇಗ ಕೆಂಪಾಗುತ್ತದೆ. ಪೆಟ್ಟಿಗೆಯ ಜೊತೆ ಬರುವ ಸಾದಾ ಎಲಾಸ್ಟಿಕ್ ಪಟ್ಟಿ ಬಿಟ್ಟು, ಹಿಂದೆ ತಲೆಯನ್ನು ಬಟ್ಟಲಿನಂತೆ ಹಿಡಿಯುವ ಗಟ್ಟಿ ಸ್ಟ್ರ್ಯಾಪ್ ಹಾಕಿಸಿಕೊಳ್ಳಿ. ಮಲಗಿಯೇ ಇರುವವರಿಗೆ ಮಾತ್ರ ಇದು ಉಲ್ಟಾ: ಆ ಬಟ್ಟಲು ತಲೆ ಹಿಂದೆ ಒತ್ತುತ್ತದೆ, ಅವರಿಗೆ ಮೆತ್ತಗಿನ ಪಟ್ಟಿಯೇ ಒಳ್ಳೆಯದು. ಎರಡನ್ನೂ ಇಟ್ಟುಕೊಳ್ಳಿ.

ಮುಖಕ್ಕೆ ತಾಗುವ ಸ್ಪಂಜಿನ ಜಾಗದಲ್ಲಿ ಒರೆಸಬಹುದಾದ ಸಿಲಿಕೋನ್ ಕವರ್ ಇರಬೇಕು. ಸ್ಪಂಜು ಬೆವರು ಹೀರುತ್ತದೆ, ಒರೆಸಿದರೆ ಶುದ್ಧ ಆಗುವುದಿಲ್ಲ. ಕನ್ನಡಕದ ಮೇಲೆ ಹಾಕಲು ಜಾಗ ಮಾಡಿಕೊಡುವ ಸ್ಪೇಸರ್ ಕೂಡ ಬೇಕು. ಒಳಗೆ ಕಾಣುವುದು ಫೋನು ಟ್ಯಾಬ್ಲೆಟ್ಟಿನಲ್ಲೂ ಕಾಣುವಂತೆ ಕ್ಯಾಸ್ಟಿಂಗ್ ಮಾಡುವ ಸೌಲಭ್ಯ ಇರಲೇಬೇಕು. ಅವರು ಏನು ನೋಡುತ್ತಿದ್ದಾರೆ ಅಂತ ನಮಗೆ ಕಾಣದಿದ್ದರೆ ಸಹಾಯ ಮಾಡಲು ಆಗುವುದಿಲ್ಲ.

ಫೋನನ್ನೇ ಒಳಗೆ ತೂರಿಸಿ ನೋಡುವ ಅಗ್ಗದ ಡಬ್ಬಿಗಳೂ ಇವೆ. 360 ಡಿಗ್ರಿ ವಿಡಿಯೋ ತೋರಿಸಲು ಆದೀತು. ಆದರೆ ಚಿತ್ರ ತಲೆಯ ಚಲನೆಗಿಂತ ಹಿಂದೆ ಬೀಳುವ ಫೋನಾದರೆ ತಲೆಸುತ್ತು ಗ್ಯಾರಂಟಿ. ಮೊದಲು ನೀವು ಹತ್ತು ನಿಮಿಷ ಹಾಕಿಕೊಂಡು ನೋಡಿ.

ಹಂತ 3: ಏನು ತೋರಿಸಬೇಕು

ಮೊದಲ ನಿಯಮ: ರೋಗಿ ಅಲುಗಾಡದೆ ಇರುವಾಗ ಚಿತ್ರವೂ ಅಲುಗಾಡಬಾರದು. ವಿಆರ್‌ನಲ್ಲಿ ಹೊಟ್ಟೆ ತೊಳಸುವುದಕ್ಕೆ ಕಾರಣ ಇದೇ. ಕಣ್ಣು "ಮುಂದೆ ಹೋಗುತ್ತಿದ್ದೇವೆ" ಅನ್ನುತ್ತದೆ, ಒಳಗಿವಿ "ಇಲ್ಲ, ಇಲ್ಲೇ ಇದ್ದೇವೆ" ಅನ್ನುತ್ತದೆ. ಈ ಜಗಳದಲ್ಲಿ ಸೋಲುವುದು ಹೊಟ್ಟೆ. ಹಾಗಾಗಿ ವಿಮಾನ, ದೋಣಿ, ಓಡುವ ಗಾಡಿ, ರೋಲರ್ ಕೋಸ್ಟರ್ ಯಾವುದೂ ಬೇಡ. ಒಂದೇ ಕಡೆ ಕೂತು ಸುತ್ತ ನೋಡುವ ಜಾಗ ಬೇಕು: ಕಡಲ ತೀರ, ಕಾಡಿನ ನಡುವಿನ ಬಯಲು, ತೋಟ, ಮಳೆ ಬೀಳುವ ಕಿಟಕಿ.

ಎರಡನೆಯದು: ಆಪರೇಷನ್ ಯಾವುದು ಅಂತ ನೋಡಿ ಆರಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಹೊಟ್ಟೆಯ ಆಪರೇಷನ್ ಆದವರಿಗೆ ನಗಿಸುವ, ಬೆಚ್ಚಿಬೀಳಿಸುವ ವಿಡಿಯೋ ಬೇಡ, ನಕ್ಕರೂ ಹೊಲಿಗೆ ಎಳೆಯುತ್ತದೆ. ಎದೆ ತೆರೆದು ಮಾಡಿದ ಹೃದಯದ ಆಪರೇಷನ್ ಆಗಿದ್ದರೆ ಕೈ ಎತ್ತಿ ಬೀಸುವ ಆಟ ಬೇಡ, ಎದೆಮೂಳೆ ಕೂಡಿಕೊಳ್ಳಬೇಕು. ಸೊಂಟದ ಕೀಲು ಬದಲಿಸಿದವರಲ್ಲಿ ಕೆಲವರಿಗೆ ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸಬಾರದು ಅಂತ ಹೇಳಿರುತ್ತಾರೆ. ಕಾಲ ಬುಡದಲ್ಲಿ ಮೊಲದ ಮರಿ ಬಂದು ಕೂತರೆ ಅವರು ತಿಳಿಯದೆ ಬಗ್ಗಿಬಿಡುತ್ತಾರೆ. ಕುತ್ತಿಗೆ ಸವೆತ ಇರುವವರಿಗೆ ಹಿಂದೆ ತಿರುಗಿ ಹುಡುಕುವ ಆಟ ಬೇಡ, ನೋಡಬೇಕಾದದ್ದು ಎದುರಿಗೇ ಇರಲಿ.

ಸುಮ್ನೆ ನೋಡುವುದಕ್ಕಿಂತ ಏನಾದರೂ ಮಾಡುವಂಥದ್ದು ಗಮನವನ್ನು ಜಾಸ್ತಿ ಹಿಡಿಯುತ್ತದೆ. ಆದರೆ ಕಂಟ್ರೋಲರಿನ ಬಟನ್‌ಗಳು ಗಂಟು ಹಿಡಿದ ಬೆರಳಿಗೆ ಕಷ್ಟ. ಕಣ್ಣು ನೆಟ್ಟು ನೋಡಿದರೆ ಹೂ ಅರಳುವಂಥ, ತಲೆ ಸ್ವಲ್ಪ ತಿರುಗಿಸಿದರೆ ದೀಪ ಹೊತ್ತುವಂಥ ಸರಳ ಆಟಗಳು ಹೊಂದುತ್ತವೆ. ಉಸಿರಾಟದ ಅಭ್ಯಾಸಗಳು ನನಗೆ ತುಂಬಾ ಇಷ್ಟ. 4 ಸೆಕೆಂಡು ಉಸಿರು ಒಳಗೆ, 6 ಸೆಕೆಂಡು ಹೊರಗೆ. ನಿಮಿಷಕ್ಕೆ 6 ಉಸಿರು. ಉಸಿರು ಬಿಟ್ಟಾಗಲೆಲ್ಲ ಎದುರಿನ ಮರ ಒಂದಿಷ್ಟು ಬೆಳೆಯುತ್ತದೆ. ಹೊಟ್ಟೆ ಎದೆಯ ಆಪರೇಷನ್ ಆದವರು ನೋವಿಗೆ ಹೆದರಿ ಮೇಲುಸಿರು ಮಾತ್ರ ತೆಗೆಯುತ್ತಾರೆ, ಕಫ ಕಟ್ಟಿ ನ್ಯುಮೋನಿಯಾ ಆಗುವ ಭಯ ಇರುತ್ತದೆ. ಅಂಥವರು ಮರ ಬೆಳೆಸುವ ಆಸೆಗೆ ನಿಧಾನವಾಗಿ, ಆಳವಾಗಿ ಉಸಿರಾಡುವುದನ್ನು ನೋಡಿದಾಗ ನನಗೆ ಸಮಾಧಾನ ಆಗುತ್ತದೆ.

ಆಯ್ಕೆ ಅವರದ್ದೇ ಇರಲಿ. ಮೂರಕ್ಕಿಂತ ಜಾಸ್ತಿ ತೋರಿಸಬೇಡಿ, ತಲೆ ಕೆಡುತ್ತದೆ. ನೀರೆಂದರೆ ಭಯ ಇದೆಯಾ, ಎತ್ತರ ಕಂಡರೆ ತಲೆ ತಿರುಗುತ್ತದಾ ಅಂತ ಮೊದಲೇ ಕೇಳಿ. ಒಬ್ಬ ಹಿರಿಯರಿಗೆ ಚೆಂದದ ಕಡಲು ತೋರಿಸಿದೆ. ಮೂರೇ ನಿಮಿಷಕ್ಕೆ ತೆಗೆಯಿರಿ ಅಂದರು. ಅವರ ತಮ್ಮ ಕಡಲಲ್ಲೇ ತೀರಿಕೊಂಡಿದ್ದರು. ನಾನು ಕೇಳಿರಲಿಲ್ಲ. ಅವತ್ತಿನಿಂದ ಕೇಳದೆ ಯಾರಿಗೂ ಏನೂ ತೋರಿಸಿಲ್ಲ.

ಹಂತ 4: ಆಪರೇಷನ್ನಿನ ಮುಂಚೆಯೇ ಒಮ್ಮೆ

ಸಾಧ್ಯವಿದ್ದರೆ ಆಪರೇಷನ್ನಿಗೆ ಒಂದೆರಡು ದಿನ ಮುಂಚೆ ಐದು ನಿಮಿಷ ಹಾಕಿಸಿ ನೋಡಿ. ನೋವಿಲ್ಲದ, ಔಷಧಿಯ ಮಂಪರಿಲ್ಲದ ಹೊತ್ತಿನಲ್ಲಿ ಕಲಿತದ್ದು ಆಮೇಲೆ ಉಪಯೋಗಕ್ಕೆ ಬರುತ್ತದೆ. ತಲೆಸುತ್ತು ಬರುವವರು ಯಾರು ಅಂತಲೂ ಆಗಲೇ ತಿಳಿಯುತ್ತದೆ. ತುರ್ತು ಆಪರೇಷನ್ ಆದವರಿಗೆ ಈ ಅವಕಾಶ ಇರುವುದಿಲ್ಲ, ಅವರಿಗೆ ಮೊದಲ ಸಲ ನೋವಿನ ಕೆಲಸವಿಲ್ಲದ ಹೊತ್ತಿನಲ್ಲಿ ಹಾಕಿ.

ಹಂತ 5: ಹೊತ್ತು ಗೊತ್ತು ಮಾಡುವುದು

ನೋವು ನೆತ್ತಿಗೇರಿದ ಮೇಲೆ ಹೆಡ್‌ಸೆಟ್ ತಂದರೆ ಪ್ರಯೋಜನ ಕಮ್ಮಿ. ನೋವು 10ರಲ್ಲಿ 8, 9 ಅನ್ನುತ್ತಿರುವವರಿಗೆ ಮೊದಲು ಔಷಧಿ ಬೇಕು. ವಿಆರ್ ಹೊಂದುವುದು ಬರಲಿರುವ ನೋವಿಗೆ: ಡ್ರೆಸ್ಸಿಂಗ್ ಬದಲಿಸುವಾಗ, ಡ್ರೈನ್ ತೆಗೆಯುವಾಗ, ರಕ್ತ ತೆಗೆಯುವಾಗ, ಮಂಡಿ ಮಡಚುವ ವ್ಯಾಯಾಮದಲ್ಲಿ, ಸಂಜೆ ಬಿದ್ದ ಮೇಲೆ ನೋವಿನ ಬಗ್ಗೆಯೇ ಯೋಚನೆ ಸುತ್ತುವ ಹೊತ್ತಿನಲ್ಲಿ.

ಲೆಕ್ಕ ಹೀಗೆ ಹಾಕಿ. ಬಾಯಿಂದ ನುಂಗುವ ನೋವಿನ ಮಾತ್ರೆ ಕೆಲಸ ಶುರು ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಡ್ರೆಸ್ಸಿಂಗ್ 11ಕ್ಕೆ ಅಂದರೆ ಮಾತ್ರೆ 10 ಗಂಟೆಗೆ. 10:45ಕ್ಕೆ ತಯಾರಿ. 10:55ಕ್ಕೆ ಹೆಡ್‌ಸೆಟ್. ನರ್ಸ್ ಬರುವ ಹೊತ್ತಿಗೆ ಅವರು ಆಗಲೇ ಐದು ನಿಮಿಷ ಕೆರೆಯ ದಡದಲ್ಲಿ ಇರುತ್ತಾರೆ. ಈ ಐದು ನಿಮಿಷ ಬಿಡಬೇಡಿ. ಊಟ ಆದ ತಕ್ಷಣ ಹಾಕಬೇಡಿ. ರಾತ್ರಿ ತಡವಾಗಿಯೂ ಬೇಡ, ನಿದ್ದೆ ಕೆಡಬಾರದು.

ಹಂತ 6: ಹಾಕುವ ಮುಂಚಿನ ಹತ್ತು ನಿಮಿಷ

ಮೊದಲು ಮೂತ್ರಕ್ಕೆ ಹೋಗಬೇಕಾ ಕೇಳಿ. ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಮೂತ್ರಕೋಶ ತುಂಬಿದವರಿಗೆ ಯಾವ ಕಾಡೂ ಕಡಲೂ ಹಿಡಿಸುವುದಿಲ್ಲ. ಆಪರೇಷನ್ ಆದ ಹಿರಿಯರಿಗೆ ಮೂತ್ರ ಕಟ್ಟಿಕೊಳ್ಳುವುದು ಸಾಮಾನ್ಯ, ಅದರ ಚಡಪಡಿಕೆಯನ್ನು ನಾವು ಗಾಯದ ನೋವು ಅಂದುಕೊಳ್ಳುತ್ತೇವೆ.

ಕನ್ನಡಕ ಒರೆಸಿ ಹಾಕಿಸಿ. ಕಿವಿಯ ಮಿಷನ್ ತೆಗೆಸಬೇಡಿ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿದರೆ ಮಿಷನ್ ಕೀಚಲು ಸದ್ದು ಮಾಡಬಹುದು, ಹೆಡ್‌ಸೆಟ್ಟಿನ ಸ್ವಂತ ಸ್ಪೀಕರೇ ಸಾಕು. ಅದರಿಂದ ಇನ್ನೊಂದು ಲಾಭ, ನಿಮ್ಮ ದನಿಯೂ ಅವರಿಗೆ ಕೇಳುತ್ತಿರುತ್ತದೆ.

ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತಿ. ಕುತ್ತಿಗೆಯ ಕೆಳಗೆ ಚಿಕ್ಕ ಟವೆಲ್ ಸುರುಳಿ. ಎರಡೂ ಪಕ್ಕದ ಕಂಬಿ ಮೇಲಕ್ಕೆ ಎತ್ತಿರಲಿ. ಡ್ರಿಪ್ ಹಾಕಿದ ಕೈ ಯಾವುದು ನೋಡಿಕೊಳ್ಳಿ, ಆ ಕೈಗೆ ಕಂಟ್ರೋಲರ್ ಬೇಡ. ಆಕ್ಸಿಜನ್ ಪೈಪು ಕೆನ್ನೆಯ ಮೇಲೆ ಸ್ಟ್ರ್ಯಾಪಿಗೆ ಸಿಕ್ಕಿ ಒತ್ತದಂತೆ ಇರಲಿ. ಕರೆಗಂಟೆ ಅವರ ಕೈಯಲ್ಲಿ ಇರಲಿ, ಒಂದು ಸಲ ಒತ್ತಿಸಿ ನೋಡಿ.

ನೋವಿನ ಅಂಕ ಕೇಳಿ ಬರೆದುಕೊಳ್ಳಿ. 0 ಅಂದರೆ ನೋವೇ ಇಲ್ಲ, 10 ಅಂದರೆ ಊಹಿಸಲೂ ಆಗದಷ್ಟು. ಹಿರಿಯರು ಸುಮ್ಮನಿದ್ದಾಗಿನ ಅಂಕ ಹೇಳಿ ಮುಗಿಸುತ್ತಾರೆ. ಕಾಲು ಎತ್ತಿದಾಗ, ಕೆಮ್ಮಿದಾಗ ಎಷ್ಟು ಅಂತಲೂ ಕೇಳಿ. ಮಾತಿನಲ್ಲಿ ಹೇಳಲಾಗದವರಿಗೆ ಪೇನ್ಆಡ್ ಎಂಬ ಅಳತೆ ಇದೆ: ಉಸಿರಾಟ, ನರಳುವ ದನಿ, ಮುಖಭಾವ, ಮೈಯ ಬಿಗಿತ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರಾ ಅನ್ನುವುದು. ಐದಕ್ಕೂ 0ರಿಂದ 2 ಅಂಕ, ಒಟ್ಟು 10.

ಆಮೇಲೆ ಮಾತು. "ವರ್ಚುವಲ್ ರಿಯಾಲಿಟಿ ಥೆರಪಿ ಕೊಡುತ್ತೇವೆ" ಅಂದರೆ ಯಾರಿಗೂ ಅರ್ಥ ಆಗುವುದಿಲ್ಲ. ನಾನು ಹೆಡ್‌ಸೆಟ್ಟನ್ನು ಮೊದಲು ಅವರ ಕೈಗೆ ಕೊಡುತ್ತೇನೆ. ತೂಕ ನೋಡಲಿ, ಒಳಗೆ ಇಣುಕಲಿ. "ಅಜ್ಜೀ, ಇದು ದೊಡ್ಡ ಕನ್ನಡಕ ಇದ್ದ ಹಾಗೆ. ಒಳಗೆ ಒಂದು ತೋಟ ಕಾಣುತ್ತೆ. ನೀವು ಹಾಸಿಗೆ ಮೇಲೇ ಇರುತ್ತೀರಿ, ನಾನು ಪಕ್ಕದಲ್ಲೇ ಇರುತ್ತೀನಿ. ಸಾಕು ಅನ್ನಿಸಿದರೆ ಕೈ ಎತ್ತಿ, ತಕ್ಷಣ ತೆಗೆಯುತ್ತೀನಿ." ಕೈ ಎತ್ತಿ ತೋರಿಸಲು ಹೇಳುತ್ತೇನೆ. ಇದನ್ನು ಬಿಟ್ಟು ಶುರು ಮಾಡಬೇಡಿ. ಆಪರೇಷನ್ ಆದವರ ಕೈಯಲ್ಲಿ ಏನೂ ಇರುವುದಿಲ್ಲ. ಯಾವಾಗ ಏಳಬೇಕು, ಯಾವಾಗ ತಿನ್ನಬೇಕು ಎಲ್ಲ ಬೇರೆಯವರು ಹೇಳುತ್ತಾರೆ. ಇದೊಂದಾದರೂ ಅವರ ಕೈಯಲ್ಲಿ ಇರಲಿ. ಬೇಡ ಅಂದರೆ ಬೇಡ. ಮಕ್ಕಳು "ಹಾಕ್ಕೊಳ್ಳಮ್ಮಾ, ಒಳ್ಳೇದು" ಅಂತ ಒತ್ತಾಯ ಮಾಡಿದರೆ ಅವರನ್ನು ಮೆಲ್ಲಗೆ ಸುಮ್ಮನಿರಿಸಿ.

ಹಂತ 7: ಹಾಕುವುದು

ಹೆಡ್‌ಸೆಟ್ಟನ್ನು ಮೊದಲು ನೀವು ಆನ್ ಮಾಡಿ, ವಿಡಿಯೋ ತೆರೆದು, ಪಾಜ್ ಮಾಡಿ ಇಡಿ. ಮೆನು, ಅಪ್‌ಡೇಟ್ ಸೂಚನೆ ಇವೆಲ್ಲ ಹಿರಿಯರ ಕಣ್ಣಿಗೆ ಮೊದಲು ಬೀಳಬಾರದು. ಬ್ಯಾಟರಿ ನೋಡಿ, ಸಾಮಾನ್ಯವಾಗಿ ಎರಡು ಗಂಟೆ ಆಸುಪಾಸು ಬರುತ್ತದೆ. ದನಿ ಕಮ್ಮಿ ಇಟ್ಟು ಶುರು ಮಾಡಿ.

ಕಣ್ಣಿನ ಭಾಗವನ್ನು ಮುಂದಿನಿಂದ ಮುಖಕ್ಕೆ ತಂದು ಹಿಡಿದುಕೊಳ್ಳಿ. ಪಟ್ಟಿ ಆಮೇಲೆ. ಕಾಣುತ್ತಿರುವುದು ಮಸುಕಾಗಿದೆಯಾ ಕೇಳಿ. ಎರಡು ಕಣ್ಣಿನ ನಡುವಿನ ಅಂತರ ಬಹಳ ಜನರಿಗೆ 63 ಮಿಲಿಮೀಟರ್ ಹತ್ತಿರ ಇರುತ್ತದೆ, ಎಲ್ಲರಿಗೂ ಅಲ್ಲ. ಲೆನ್ಸ್ ಅಂತರ ಸರಿಮಾಡಿ, ಹೆಡ್‌ಸೆಟ್ಟನ್ನು ಸ್ವಲ್ಪ ಮೇಲೆ ಕೆಳಗೆ ಸರಿಸಿ. ಚಿತ್ರ ಸ್ಪಷ್ಟ ಆದ ಮೇಲೆ ಪಟ್ಟಿ ಬಿಗಿ ಮಾಡಿ. ಪಟ್ಟಿ ಮತ್ತು ತಲೆಯ ನಡುವೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಆಮೇಲೆ ಮಧ್ಯಬಿಂದು ಸರಿಮಾಡುವ ಬಟನ್ ಒತ್ತಿ, ಒರಗಿ ಮಲಗಿದವರಿಗೆ ದೃಶ್ಯ ನೇರ ಎದುರಿಗೆ ಬರಬೇಕು. ಇಲ್ಲವಾದರೆ ಅವರಿಗೆ ಬರೀ ಆಕಾಶ ಕಾಣುತ್ತದೆ. ತುಂಬಾ ಹೊತ್ತು ಆಕಾಶ ನೋಡಿ, ಹೇಳಲು ಸಂಕೋಚಪಟ್ಟು ಸುಮ್ಮನಿದ್ದವರೂ ಇದ್ದಾರೆ.

ಹಂತ 8: ನಡೆಯುತ್ತಿರುವಾಗ

ಮೊದಲ ಸಲ 5 ನಿಮಿಷ ಸಾಕು. ಹೊಂದಿಕೊಂಡರೆ ಮುಂದಿನ ಸಲ 10, ಆಮೇಲೆ 15ರಿಂದ 20. ಅದಕ್ಕಿಂತ ಜಾಸ್ತಿ ಬೇಡ. ದಿನಕ್ಕೆ ಎರಡು ಮೂರು ಸಲ ಸಾಕಾಗುತ್ತದೆ.

ಅವರನ್ನು ಬಿಟ್ಟು ಹೋಗಬೇಡಿ. ಹಾಗೆಂದು ಮಾತಾಡಿಸುತ್ತಲೂ ಇರಬೇಡಿ. ಮುಟ್ಟುವ ಮುಂಚೆ ಹೇಳಿ. ಇದು ಮುಖ್ಯ. ಅವರಿಗೆ ಹೊರಗಿನದು ಕಾಣುತ್ತಿಲ್ಲ, ಕಾಲಿಗೆ ದಿಢೀರನೆ ತಣ್ಣನೆಯ ಹತ್ತಿ ತಾಗಿದರೆ ಬೆಚ್ಚುತ್ತಾರೆ, ಮತ್ತೆ ನಂಬುವುದಿಲ್ಲ. "ಈಗ ಕಾಲು ಮುಟ್ಟುತ್ತೀನಿ" ಅಂತ ಮೆಲ್ಲಗೆ. "ಈಗ ನೋವಾಗುತ್ತೆ" ಅನ್ನಬೇಡಿ, ಆ ಮಾತಿಗೇ ನೋವು ಏರುತ್ತದೆ. ಬದಲು "ಆ ಹಕ್ಕಿ ಎಲ್ಲಿಗೆ ಹೋಯಿತು ನೋಡಿ" ಅನ್ನಿ. ಟ್ಯಾಬ್ಲೆಟ್ಟಿನಲ್ಲಿ ನಿಮಗೂ ಆ ಹಕ್ಕಿ ಕಾಣುತ್ತಿರುತ್ತದಲ್ಲ.

ಅವರ ಕಣ್ಣು ನಮಗೆ ಕಾಣದಿದ್ದರೂ ಬೇರೆ ಸುಳಿವುಗಳು ಕಾಣುತ್ತವೆ. ಬೆರಳು ಬಿಗಿಯುತ್ತಿವೆಯಾ? ಕಾಲ್ಬೆರಳು ಮಡಚಿಕೊಂಡಿವೆಯಾ? ತುಟಿ ಒಣಗಿ ಪದೇ ಪದೇ ಉಗುಳು ನುಂಗುತ್ತಿದ್ದರೆ, ಮುಖ ಬಿಳಿಚಿದರೆ, ಹಣೆ ಬೆವರಿದರೆ, ಆಕಳಿಕೆ ಮೇಲಿಂದ ಮೇಲೆ ಬಂದರೆ ವಾಕರಿಕೆ ಶುರುವಾಗುತ್ತಿದೆ. ಅವರು ಕೈ ಎತ್ತುವವರೆಗೂ ಕಾಯಬೇಡಿ. ಕಣ್ಣು ಮುಚ್ಚಲು ಹೇಳಿ, ಹೆಡ್‌ಸೆಟ್ ತೆಗೆಯಿರಿ, ತಲೆಭಾಗ ಎತ್ತರದಲ್ಲೇ ಇರಲಿ, ಬಟ್ಟಲು ಹತ್ತಿರ ಇಡಿ. ಬೆರಳಿನ ಆಕ್ಸಿಜನ್ ಮೀಟರ್ ಹಾಕಿದ್ದರೆ ಅದರ ಮೇಲೂ ಒಂದು ಕಣ್ಣಿರಲಿ, ಅದರಲ್ಲೂ ಮಾರ್ಫಿನ್ ಥರದ ಔಷಧಿ ಕೊಟ್ಟಿದ್ದರೆ.

ಮಂಡಿ ಮಡಚುವ ವ್ಯಾಯಾಮಕ್ಕೆ ಒಂದು ಮಾತು. ನೋವಿನ ಗಮನ ಕಮ್ಮಿಯಾದಾಗ ಮಂಡಿ ಜಾಸ್ತಿ ಮಡಚುತ್ತದೆ, ಆಗ ನಮಗೂ ಆಸೆ ಹೆಚ್ಚುತ್ತದೆ. ಅವತ್ತಿಗೆ ನಿಗದಿ ಮಾಡಿದ ಕೋನ ದಾಟಬೇಡಿ. ನೋವು ಕಾವಲುಗಾರ ಕೂಡ ಹೌದು, ಅವನ ಕಣ್ಣು ಸ್ವಲ್ಪ ಬೇರೆ ಕಡೆ ಇರುವಾಗ ಆ ಕಾವಲು ನಾವೇ ಕಾಯಬೇಕು. ನಿಲ್ಲುವ, ನಡೆಯುವ ವ್ಯಾಯಾಮಕ್ಕೆ ಹೆಡ್‌ಸೆಟ್ ಹಾಕಲೇಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಹಂತ 9: ತೆಗೆಯುವುದು

"ಇನ್ನೊಂದು ನಿಮಿಷದಲ್ಲಿ ತೆಗೆಯುತ್ತೀನಿ" ಅಂತ ಮೊದಲೇ ಹೇಳಿ. ಕೋಣೆಯ ದೀಪ ಕಮ್ಮಿ ಮಾಡಿ. ಕಣ್ಣು ಮುಚ್ಚಿಸಿ. ಪಟ್ಟಿ ಸಡಿಲಿಸಿ, ಮುಂದಕ್ಕೆ ಎಳೆದು ತೆಗೆಯಿರಿ, ಕನ್ನಡಕ ಜೊತೆಗೆ ಕಿತ್ತು ಬರದಂತೆ. ಕಣ್ಣು ತೆರೆದ ಮೇಲೆ ನಿಮ್ಮ ಮುಖ ಎದುರಿಗೆ ಇರಲಿ. "ನಾವು ವಾರ್ಡಿನಲ್ಲಿದ್ದೇವೆ, ಹನ್ನೊಂದೂಕಾಲು ಆಯಿತು" ಅಂತ ಹೇಳಿ. ಜಾಗ, ಹೊತ್ತು ಎರಡೂ.

ಐದು ನಿಮಿಷ ಹಾಗೇ ಒರಗಿರಲಿ. ಕನಿಷ್ಠ ಕಾಲು ಗಂಟೆ ಎಬ್ಬಿಸಿ ನಿಲ್ಲಿಸಬೇಡಿ. ಆರಂಭದ ದಿನಗಳಲ್ಲಿ ನಾನೊಮ್ಮೆ ಅವಸರ ಮಾಡಿದೆ. ಹೆಡ್‌ಸೆಟ್ ತೆಗೆದ ತಕ್ಷಣ ಒಬ್ಬ ತಾತನನ್ನು ವಾಕರ್ ಹಿಡಿಸಿ ನಿಲ್ಲಿಸಿದೆ. ಅವರು ಇನ್ನೂ ಆ ತೋಟದ ಇಳಿಜಾರಿನಲ್ಲೇ ಇದ್ದಂತೆ ಎಡಕ್ಕೆ ವಾಲಿದರು. ಸೊಂಟಕ್ಕೆ ಬೆಲ್ಟ್ ಕಟ್ಟಿದ್ದರಿಂದ ಹಿಡಿದುಕೊಂಡೆ. ಮಲಗಿದ್ದವರು ಎದ್ದಾಗ ಬಿಪಿ ಇಳಿಯುವುದು ಹಿರಿಯರಲ್ಲಿ ಮಾಮೂಲು, ಅದರ ಜೊತೆ ಇದೂ ಸೇರಿಕೊಂಡರೆ ಬೀಳಲು ಎಷ್ಟು ಹೊತ್ತು?

ಆಮೇಲೆ ಮತ್ತೆ ನೋವಿನ ಅಂಕ ಕೇಳಿ. ಎಷ್ಟು ನಿಮಿಷ ನೋಡಿದರು, ಯಾವುದು ನೋಡಿದರು, ವಾಕರಿಕೆ ಇತ್ತಾ, ಅಂಕ ಎಷ್ಟರಿಂದ ಎಷ್ಟಕ್ಕೆ ಬಂತು, ಇಷ್ಟು ಬರೆದಿಡಿ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಕೇಳಿ ಬರೆದರೆ ಇನ್ನೂ ಒಳ್ಳೆಯದು. ಮೂರು ಸಲ ಮಾಡಿದರೂ ಅಂಕ ಅಲುಗದಿದ್ದರೆ ಬಿಟ್ಟುಬಿಡಿ. ಎಲ್ಲರಿಗೂ ಒಗ್ಗುವುದಿಲ್ಲ. ಕೆಲವರಿಗೆ ಪರಿಚಯದ ದನಿ, ಹಾಡು, ಕೈ ಹಿಡಿದು ಕೂರುವವರು ಇದಕ್ಕಿಂತ ಹೆಚ್ಚು ಕೆಲಸ ಮಾಡುತ್ತಾರೆ.

ಔಷಧಿಯ ಮಾತು

ಹಿರಿಯರಿಗೆ ಮಾರ್ಫಿನ್ ಥರದ ಔಷಧಿಯಿಂದ ಮಲಬದ್ಧತೆ, ಮಂಪರು, ಗೊಂದಲ, ಬೀಳುವ ಅಪಾಯ ಎಲ್ಲ ಜಾಸ್ತಿ. ಕೆಲವು ನೋವಿನ ಮಾತ್ರೆಗಳು ಕಿಡ್ನಿಗೆ, ಹೊಟ್ಟೆಗೆ ಭಾರ. ಅದಕ್ಕೇ ಔಷಧಿಯಲ್ಲದ ದಾರಿಗಳಿಗೆ ಇಷ್ಟು ಬೆಲೆ. ಆದರೆ ವಿಆರ್ ಬಂತು ಅಂತ ಮಾತ್ರೆ ನಿಲ್ಲಿಸುವುದು, ಡೋಸ್ ತಪ್ಪಿಸುವುದು ಮಾಡಬೇಡಿ. ನೀವು ಬರೆದಿಟ್ಟ ಅಂಕಗಳನ್ನು ಡಾಕ್ಟರಿಗೆ ತೋರಿಸಿ. ಕಮ್ಮಿ ಮಾಡುವುದು ಅವರ ಕೆಲಸ.

ಕೆಲವು ನೋವುಗಳಿಗೆ ಹೆಡ್‌ಸೆಟ್ ಹಾಕಲೇಬಾರದು. ಮೀನಖಂಡ ಊದಿ ನೋಯುತ್ತಿದ್ದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಇದ್ದರೆ, ಗಾಯದಿಂದ ಕೀವು ಬರುತ್ತಿದ್ದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ಇಳಿಯುತ್ತಿದ್ದ ನೋವು ಇದ್ದಕ್ಕಿದ್ದಂತೆ ಏರಿದ್ದರೆ, ಕಾಲು ಜೋಮು ಹಿಡಿದು ತಣ್ಣಗಾಗಿದ್ದರೆ, ತಕ್ಷಣ ಡಾಕ್ಟರನ್ನು ಕರೆಯಿರಿ. ಅಂಥ ನೋವು ಕೇಳಿಸಿಕೊಳ್ಳಬೇಕಾದ ನೋವು.

ಶುಚಿ

ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಮುಂಚೆ ಹೊರಮೈ, ಪಟ್ಟಿ, ಸಿಲಿಕೋನ್ ಕವರ್, ಕಂಟ್ರೋಲರ್ ಎಲ್ಲ ಒರೆಸಿ. ಯಾವ ಒರೆಸುವ ಬಟ್ಟೆ ಅಂತ ಹೆಡ್‌ಸೆಟ್ ಕಂಪನಿಯ ಸೂಚನೆ, ಆಸ್ಪತ್ರೆಯ ಸೋಂಕು ತಡೆ ವಿಭಾಗ ಎರಡನ್ನೂ ಕೇಳಿ. ಲೆನ್ಸಿಗೆ ಮಾತ್ರ ಸ್ಪಿರಿಟ್ ತಾಗಿಸಬೇಡಿ, ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಮುಖಕ್ಕೆ ಒಂದು ಸಲ ಬಳಸಿ ಎಸೆಯುವ ಕವರ್, ತಲೆಗೆ ಬಟ್ಟೆ ಟೋಪಿ ಹಾಕಿ. ಭೇದಿಯ ಸೋಂಕು ಇರುವವರಿಗೆ ಬಳಸಬೇಡಿ, ಅದರಲ್ಲಿ ಕೆಲವು ರೋಗಾಣುಗಳ ಬೀಜಕಣ ಸ್ಪಿರಿಟ್ಟಿಗೆ ಸಾಯುವುದಿಲ್ಲ. ಒರೆಸಿದ ಮೇಲೆ ಪೂರ್ತಿ ಒಣಗಲಿ. ಕಿಟಕಿ ಪಕ್ಕ ಇಡಬೇಡಿ, ಲೆನ್ಸಿನ ಮೂಲಕ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟು ಕಲೆಯಾಗುತ್ತದೆ.

ಮನೆಗೆ ಹೋದ ಮೇಲೆ

ಮನೆಯಲ್ಲಿ ಮುಂದುವರಿಸುವವರು ಕೈಯಿರುವ ಗಟ್ಟಿ ಕುರ್ಚಿ ಬಳಸಿ, ಚಕ್ರದ ಕುರ್ಚಿ ಬೇಡ. ಒಬ್ಬರೇ ಇರುವಾಗ ಹಾಕಿಕೊಳ್ಳಬಾರದು. ಕಾಲಡಿಯಲ್ಲಿ ಚಾಪೆ, ವೈರ್, ಸಾಕುಪ್ರಾಣಿ ಇಲ್ಲದಂತೆ ನೋಡಿ. ವ್ಯಾಯಾಮದ ಹೊತ್ತಿಗೆ ಇಟ್ಟುಕೊಂಡರೆ ಒಳ್ಳೆಯ ಉಪಯೋಗ.

ಆ ಅಜ್ಜಿ ಐದನೇ ದಿನ ಮನೆಗೆ ಹೊರಟರು. ಅವತ್ತು ಕೊನೆಯ ಡ್ರೆಸ್ಸಿಂಗ್. ಹೆಡ್‌ಸೆಟ್ ತೆಗೆದುಕೊಂಡು ಹೋದೆ. "ಇವತ್ತು ಬೇಡಮ್ಮಾ, ಹಾಗೇ ಮಾಡಲಿ" ಅಂದರು. ಟ್ರಾಲಿ ಬಂತು. ಅವರ ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಇತ್ತು, ಬೆರಳು ಬಿಡಿಸಿಕೊಂಡು.